ಎಲುಬಿಗೆ ಎಕ್ಸ್‌ರೇ, ಮುಖಕ್ಕೆ ಕ್ಯಾಮೆರಾ: ನಾಲ್ಕು ತಾಲ್ಲೂಕುಗಳ ದಂತವೈದ್ಯರಿಗೊಂದು ಹೂಡಿಕೆಯ ಲೆಕ್ಕ

ಕಡಲೆಕಾಯಿ ಬೆಳೆಯುವ ರೈತರೆಲ್ಲರೂ ಮನೆಗೊಂದು ಎಣ್ಣೆ ಗಿರಣಿಯನ್ನು ಹಾಕಿಕೊಳ್ಳುವುದಿಲ್ಲ. ಗಿರಣಿಗೆ ದಿನವಿಡೀ ಕೆಲಸವಿದ್ದರೆ ಮಾತ್ರ ಅದು ಲಾಭ ತರುತ್ತದೆ ಎಂಬ ಅರಿವು ಪಾವಗಡ, ಶಿರಾ ಸೀಮೆಯ ಸಾಮಾನ್ಯ ಕೃಷಿಕನಿಗೂ ಇದೆ. ಈ ಸರಳ ಸತ್ಯವನ್ನು ವೈದ್ಯಕೀಯ ಸಲಕರಣೆಗಳ ವಿಷಯದಲ್ಲಿ ನಾವು ಆಗಾಗ ಮರೆಯುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಸಣ್ಣ ಪಟ್ಟಣಗಳ ದಂತ ಚಿಕಿತ್ಸಾಲಯಗಳ ಬಾಗಿಲಿಗೂ ಸಲಕರಣೆ ಮಾರಾಟ ಪ್ರತಿನಿಧಿಗಳು ಬರುತ್ತಿದ್ದಾರೆ. ಅವರ ಕೈಪಿಡಿಗಳಲ್ಲಿ ಎದ್ದು ಕಾಣುವುದು, ತಲೆಯ ಸುತ್ತ ತಿರುಗುವ ಎಕ್ಸ್‌ರೇ ಯಂತ್ರಕ್ಕೆ ಸಾಮಾನ್ಯ ಬೆಳಕಿನ ಕ್ಯಾಮೆರಾಗಳನ್ನು ಜೋಡಿಸಿದ ಹೊಸ ಬಗೆಯ ಯಂತ್ರ. ತಂತ್ರಜ್ಞಾನ ನಿಜಕ್ಕೂ ಶ್ಲಾಘನೀಯವಾದುದು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇದನ್ನು ಯಾರು, ಹೇಗೆ ಕೊಳ್ಳಬೇಕು ಎಂಬುದು ಲೆಕ್ಕ ಹಾಕಿ ಉತ್ತರಿಸಬೇಕಾದ ಪ್ರಶ್ನೆ. ಈ ಲೇಖನದ ಉದ್ದೇಶವೂ ಅದೇ.

ಯಂತ್ರ ಬೆಳೆದು ಬಂದ ದಾರಿ

1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದಂತವೈದ್ಯರು ಬಾಯಿಯೊಳಗೆ ಪುಟ್ಟ ಫಿಲ್ಮ್ ಇಟ್ಟು ಎರಡು ಮೂರು ಹಲ್ಲುಗಳ ಚಿತ್ರವನ್ನಷ್ಟೇ ತೆಗೆಯುತ್ತಿದ್ದರು. ಫಿನ್ಲೆಂಡಿನ ಉರ್ಯೊ ಪಾಟೆರೊ ಅವರು ಎಕ್ಸ್‌ರೇ ಮೂಲವನ್ನೂ ಫಿಲ್ಮನ್ನೂ ತಲೆಯ ಸುತ್ತ ತಿರುಗಿಸಿ, ಎರಡೂ ದವಡೆಗಳನ್ನು ಒಂದೇ ಉದ್ದ ಚಿತ್ರದಲ್ಲಿ ಹಿಡಿಯುವ ವಿಧಾನವನ್ನು ರೂಪಿಸಿದರು. ನಮ್ಮ ರೋಗಿಗಳು ಇಂದು 'ಓ.ಪಿ.ಜಿ.' ಎಂದು ಕರೆಯುವ ಚಿತ್ರ ಅದೇ. ಆದರೆ ಅದು ಚಪ್ಪಟೆ ಚಿತ್ರ. ಉದ್ದ, ಎತ್ತರ ತಿಳಿಯುತ್ತದೆ, ದಪ್ಪ ತಿಳಿಯುವುದಿಲ್ಲ.

ಆ ಕೊರತೆಯನ್ನು ನೀಗಿದ್ದು ಕೋನ್ ಬೀಮ್ ಸಿ.ಟಿ., ಅಂದರೆ ಸಿ.ಬಿ.ಸಿ.ಟಿ. ಇಟಲಿಯ ವೆರೋನಾದ ಸಂಸ್ಥೆಯೊಂದು ತಯಾರಿಸಿದ 'ನ್ಯೂಟಾಮ್' ಯಂತ್ರ 1990ರ ದಶಕದ ಕೊನೆಯಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂದಿತು. ಇದರಲ್ಲಿ ಕಿರಣ ಶಂಕುವಿನಾಕಾರದಲ್ಲಿ ಹೊರಡುತ್ತದೆ. ಯಂತ್ರದ ತೋಳು ರೋಗಿಯ ತಲೆಯನ್ನು ಸಾಮಾನ್ಯವಾಗಿ ಒಂದು ಸುತ್ತು ಅಥವಾ ಅರ್ಧ ಸುತ್ತು ಬರುವಷ್ಟರಲ್ಲಿ ನೂರಾರು ಚಿತ್ರಗಳು ದಾಖಲಾಗುತ್ತವೆ. ಗಣಕಯಂತ್ರ ಅವುಗಳನ್ನು ಸೇರಿಸಿ ದವಡೆಯ ಮೂರು ಆಯಾಮದ ಮಾದರಿಯನ್ನು ಕಟ್ಟುತ್ತದೆ. ಕೃತಕ ಹಲ್ಲಿನ ತಿರುಪನ್ನು ಕೂರಿಸಲು ಎಲುಬು ಎಷ್ಟು ದಪ್ಪವಿದೆ, ಅದರಡಿ ನರ ಎಲ್ಲಿ ಹಾದುಹೋಗಿದೆ, ಅಡ್ಡ ಬೆಳೆದ ಬುದ್ಧಿಹಲ್ಲು ಆ ನರಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬಹುದು.

ಕ್ಯಾಮೆರಾ ಏಕೆ ಬೇಕಾಯಿತು?

ಎಕ್ಸ್‌ರೇ ಎಲುಬನ್ನು ಚೆನ್ನಾಗಿ ಕಾಣುತ್ತದೆ, ಮುಖವನ್ನು ಕಾಣುವುದಿಲ್ಲ. ಚರ್ಮದ ಹೊರಗೆರೆ ಮಸುಕಾಗಿ ಮೂಡಬಹುದು, ಬಣ್ಣವಂತೂ ಮೂಡುವುದಿಲ್ಲ. ತುಟಿ, ಕೆನ್ನೆ, ನಗುವಾಗ ಕಾಣುವ ಹಲ್ಲಿನ ಅಂಚು, ಇವೆಲ್ಲ ಅದಕ್ಕೆ ಅಗೋಚರ. ವಕ್ರದಂತ ಚಿಕಿತ್ಸೆಗೂ ದವಡೆಯ ಶಸ್ತ್ರಚಿಕಿತ್ಸೆಗೂ ಎಲುಬನ್ನು ಸರಿಸಿದರೆ ಮುಖ ಹೇಗೆ ಬದಲಾಗುತ್ತದೆ ಎಂಬುದು ಮುಖ್ಯ. ಆದುದರಿಂದ 2010ರ ದಶಕದ ಆರಂಭದಲ್ಲಿ ಹೆಲ್ಸಿಂಕಿಯ ಪ್ಲಾನ್ಮೆಕಾ ಸಂಸ್ಥೆ ತನ್ನ ಸಿ.ಬಿ.ಸಿ.ಟಿ. ಯಂತ್ರಕ್ಕೆ 'ಪ್ರೋಫೇಸ್' ಎಂಬ ಸೌಲಭ್ಯವನ್ನು ಸೇರಿಸಿತು. ಲೇಸರ್ ಕಿರಣ ಮುಖದ ಏರಿಳಿತವನ್ನು ಅಳೆಯುತ್ತದೆ, ಕ್ಯಾಮೆರಾ ಬಣ್ಣವನ್ನು ಹಿಡಿಯುತ್ತದೆ. ಇತರ ತಯಾರಕರೂ ಇಂಥ ಯಂತ್ರಗಳನ್ನು ತಂದರು.

ಇಂಥ ಯಂತ್ರಗಳಲ್ಲಿ ಕ್ಯಾಮೆರಾ ಮಾಡುವ ಕೆಲಸವನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಮುಖದ ಚಿತ್ರಣ. ಕ್ಯಾಮೆರಾ ಮತ್ತು ಎಕ್ಸ್‌ರೇ ಒಂದೇ ಚೌಕಟ್ಟಿನಲ್ಲಿರುವುದರಿಂದ, ಒಮ್ಮೆ ಸರಿಯಾಗಿ ಹೊಂದಿಸಿದರೆ ಎರಡೂ ಚಿತ್ರಗಳು ಒಂದರ ಮೇಲೊಂದು ತಾವಾಗಿಯೇ ಕೂರುತ್ತವೆ. ಎರಡು ಬೇರೆ ಉಪಕರಣಗಳಲ್ಲಿ ತೆಗೆದರೆ ತಂತ್ರಾಂಶದ ನೆರವಿನಿಂದ ಅವುಗಳನ್ನು ಆಮೇಲೆ ಹೊಂದಿಸಬೇಕು.

ಎರಡನೆಯದು ತಲೆಯ ಸ್ಥಾನ ನೋಡುವುದು. ರೋಗಿ ತಲೆಯನ್ನು ಓರೆಯಾಗಿ ಇಟ್ಟಿದ್ದರೆ ಕಿರಣ ಹಾಯಿಸುವ ಮೊದಲೇ ಪರದೆಯ ಮೇಲೆ ತಿಳಿಯುತ್ತದೆ. ಹಾಳಾದ ಚಿತ್ರವನ್ನು ಮತ್ತೆ ತೆಗೆಯುವ ಪ್ರಸಂಗ ತಪ್ಪುತ್ತದೆ.

ಮೂರನೆಯದು ಅಲುಗಾಟದ ಮೇಲೆ ನಿಗಾ. ಯಂತ್ರದ ತೋಳು ತಿರುಗುವ ಆ ಹತ್ತಿಪ್ಪತ್ತು ಸೆಕೆಂಡು ಮಕ್ಕಳು, ವೃದ್ಧರು ಸುಮ್ಮನಿರುವುದು ಕಷ್ಟ. ತಲೆ ಯಾವ ಕ್ಷಣದಲ್ಲಿ ಎಷ್ಟು ಸರಿಯಿತು ಎಂಬುದನ್ನು ಕ್ಯಾಮೆರಾ ದಾಖಲಿಸಿದರೆ ಗಣಕಯಂತ್ರ ಚಿತ್ರವನ್ನು ತಿದ್ದಬಹುದು. ಕ್ಯಾಮೆರಾ ಇಲ್ಲದೆ ಬರಿಯ ತಂತ್ರಾಂಶದಿಂದಲೇ ತಿದ್ದುವ ವಿಧಾನಗಳೂ ಇವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕ್ಯಾಮೆರಾದಿಂದ ರೋಗಿಗೆ ವಿಕಿರಣ ತಾಗುವುದಿಲ್ಲ. ಚಿಕಿತ್ಸೆಯ ಪ್ರಗತಿಯನ್ನು ನೋಡಲು ಆರು ತಿಂಗಳ ನಂತರ ಮುಖದ ಚಿತ್ರ ಸಾಕೆನಿಸಿದರೆ, ಎಕ್ಸ್‌ರೇ ಇಲ್ಲದೆ ಕ್ಯಾಮೆರಾವೊಂದನ್ನೇ ಬಳಸಬಹುದು. ಮುಖದ ಆಕಾರಕ್ಕಾಗಿ ಎಕ್ಸ್‌ರೇಯ ವ್ಯಾಪ್ತಿಯನ್ನು ಹಿಗ್ಗಿಸುವ ಅಗತ್ಯವೂ ಇಲ್ಲ. ದವಡೆಯ ಬೇಕಾದ ಭಾಗಕ್ಕೆ ಮಾತ್ರ ಕಿರಣ ಹಾಯಿಸಿ ಉಳಿದುದನ್ನು ಕ್ಯಾಮೆರಾಕ್ಕೆ ಬಿಡಬಹುದು. ಈ ಜೋಡಣೆಯ ನಿಜವಾದ ಮೌಲ್ಯ ಇರುವುದು ಇಲ್ಲಿಯೇ.

ನಮ್ಮ ಸೀಮೆಯ ಹಲ್ಲು, ನಮ್ಮ ಸೀಮೆಯ ನೀರು

ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಗುರುತಿಸುವ ಈ ನಾಲ್ಕು ತಾಲ್ಲೂಕುಗಳಿಗೆ ಹಲ್ಲಿನ ವಿಷಯದಲ್ಲಿ ಒಂದು ವಿಶೇಷ ಸಂಕಟವಿದೆ. ಪಾವಗಡ ಮೊದಲ್ಗೊಂಡು ಈ ಭಾಗದ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಅದನ್ನು ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಕಲೆಗಳು ಉಳಿಯುತ್ತವೆ. ಹಲ್ಲಿನ ಹೊರಪದರ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆದುದರಿಂದ ಇಂದು ಶುದ್ಧ ನೀರಿನ ಘಟಕಗಳಿಂದಲೋ ತುಂಗಭದ್ರಾ ಹಿನ್ನೀರಿನ ಯೋಜನೆಯಿಂದಲೋ ಒಳ್ಳೆಯ ನೀರು ಬಂದರೂ ಈಗಾಗಲೇ ಬೆಳೆದವರ ಕಲೆ ಹೋಗುವುದಿಲ್ಲ. ವಧೂವರರ ಅನ್ವೇಷಣೆಯಲ್ಲಿ, ಉದ್ಯೋಗದ ಸಂದರ್ಶನದಲ್ಲಿ ಬಾಯ್ತುಂಬ ನಗಲು ಹಿಂಜರಿಯುವ ಯುವಜನರು ನಮ್ಮ ನಡುವೆ ಇದ್ದಾರೆ.

ಈ ಕಲೆಯನ್ನು ಎಕ್ಸ್‌ರೇ ಕಾಣದು, ಕ್ಯಾಮೆರಾ ಮಾತ್ರ ಕಾಣಬಲ್ಲದು. ಹಾಗೆಂದ ಮಾತ್ರಕ್ಕೆ ಕಲೆಯ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿಯ ಜೋಡಿ ಯಂತ್ರ ಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಅದಕ್ಕೆ ಬಾಯಿಯೊಳಗಿನ ಪುಟ್ಟ ಕ್ಯಾಮೆರಾ ಅಥವಾ ಸರಿಯಾದ ಬೆಳಕಿನಲ್ಲಿ ತೆಗೆದ ಛಾಯಾಚಿತ್ರ ಸಾಕು. ದಂತಪಂಕ್ತಿ ಕಟ್ಟಿಸಿಕೊಳ್ಳುವ ಹಿರಿಯರು, ರಾಜ್ಯದ ದಂತಭಾಗ್ಯ ಯೋಜನೆಯ ಫಲಾನುಭವಿಗಳು, ಹುಳುಕು ತುಂಬಿಸಿಕೊಳ್ಳುವ ಮಕ್ಕಳು, ಇವರಲ್ಲಿ ಬಹುಪಾಲು ಮಂದಿಗೆ ಸಿ.ಬಿ.ಸಿ.ಟಿ. ಬೇಕಾಗುವುದಿಲ್ಲ. ಹಲ್ಲಿನ ತಿರುಪು, ತೊಡಕಿನ ಬುದ್ಧಿಹಲ್ಲು, ಅಪಘಾತದಲ್ಲಿ ಮುರಿದ ದವಡೆ, ದವಡೆಯ ಗಡ್ಡೆ, ಸೀಳು ತುಟಿ, ಒಳಗೇ ಉಳಿದ ಕೋರೆಹಲ್ಲು, ಅದು ಬೇಕಾಗುವುದು ಇಂಥವರಿಗೆ. ಇವರ ಸಂಖ್ಯೆ ಒಂದು ಚಿಕಿತ್ಸಾಲಯದಲ್ಲಿ ತಿಂಗಳಿಗೆ ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆಯ ರೋಗಿಗಳ ಕಷ್ಟ ಸಣ್ಣದಲ್ಲ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಒಂದು ಚಿತ್ರಕ್ಕಾಗಿ ರೋಗಿಯೊಂದಿಗೆ ಮನೆಯವರೊಬ್ಬರ ದಿನದ ಕೂಲಿ, ಬಸ್ ದರ, ಊಟ ಎಲ್ಲವೂ ಖರ್ಚು. ಆಂಧ್ರದ ನೆಲ ಮೂರು ಕಡೆ ಸುತ್ತುವರಿದಿರುವ ಪಾವಗಡದ ಜನ ಹಿಂದೂಪುರ, ಅನಂತಪುರದ ಕಡೆಗೂ ಹೊರಡುತ್ತಾರೆ. ಆದ್ದರಿಂದ ಈ ಭಾಗಕ್ಕೆ ಒಂದು ಯಂತ್ರ ಬೇಕೆಂಬುದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರುವುದು ಒಡೆತನದ ಬಗೆಗೆ.

ಲೆಕ್ಕದ ಪುಟ

ಬೆಲೆಗಳು ತಯಾರಕರನ್ನೂ ಮಾದರಿಯನ್ನೂ ಅವಲಂಬಿಸಿ ಬದಲಾಗುತ್ತವೆ. ಓದುಗರು ತಮ್ಮ ಕೈಯಲ್ಲಿರುವ ದರಪಟ್ಟಿಯ ಅಂಕಿಗಳನ್ನು ಹಾಕಿಕೊಳ್ಳಲಿ. ವಿಧಾನವನ್ನು ತೋರಿಸಲು ಕೆಳಗಿನ ಅಂಕಿಗಳನ್ನು ಊಹಿಸಿಕೊಂಡಿದ್ದೇನೆ.

ತೆರಿಗೆ ಸೇರಿ ಸಿ.ಬಿ.ಸಿ.ಟಿ. ಯಂತ್ರದ ಬೆಲೆ 40 ಲಕ್ಷ ರೂಪಾಯಿ. ಸ್ವಂತ ಹಣ 10 ಲಕ್ಷ, ಬ್ಯಾಂಕ್ ಸಾಲ 30 ಲಕ್ಷ. ಬಡ್ಡಿ ಶೇ. 11, ಅವಧಿ 7 ವರ್ಷ. ಆಗ ತಿಂಗಳ ಖರ್ಚು ಹೀಗಾಗುತ್ತದೆ:

ಸಾಲದ ಮಾಸಿಕ ಕಂತು: ಸುಮಾರು 51,400 ರೂ.
ವಾರ್ಷಿಕ ನಿರ್ವಹಣಾ ಒಪ್ಪಂದ (ಬೆಲೆಯ ಶೇ. 5): ಸುಮಾರು 16,600 ರೂ.
ತಂತ್ರಜ್ಞರ ವೇತನ: 20,000 ರೂ.
ಬಾಡಿಗೆ, ವಿದ್ಯುತ್, ಇತರೆ: 12,000 ರೂ.
ಒಟ್ಟು: 1,00,000 ರೂ.

ಒಂದು ಪರೀಕ್ಷೆಗೆ 2,000 ರೂಪಾಯಿ ಶುಲ್ಕ. ಅದರಲ್ಲಿ ಚಿತ್ರವನ್ನು ಪರಿಶೀಲಿಸಿ ವರದಿ ಬರೆಯುವ ತಜ್ಞರಿಗೆ 400 ರೂಪಾಯಿ ಹೋದರೆ ಉಳಿಯುವುದು 1,600. ಖರ್ಚು ಸರಿದೂಗಲು ತಿಂಗಳಿಗೆ 63 ಪರೀಕ್ಷೆಗಳು ಬೇಕು. ಮುಖದ ಕ್ಯಾಮೆರಾ ಜೋಡಣೆಗೆ ಇನ್ನೂ 6 ಲಕ್ಷ ಸಾಲವೆಂದು ಹಿಡಿದರೆ ಕಂತು ಮತ್ತು ನಿರ್ವಹಣೆ ಸೇರಿ ಸುಮಾರು 12,800 ರೂಪಾಯಿ ಹೆಚ್ಚಾಗಿ, ಅಗತ್ಯ ಪರೀಕ್ಷೆಗಳ ಸಂಖ್ಯೆ 71ಕ್ಕೆ ಏರುತ್ತದೆ. ಇದರಲ್ಲಿ ಸ್ವಂತ ಹಣದ ಮೇಲಿನ ಬಡ್ಡಿಯನ್ನಾಗಲಿ, ಲಾಭವನ್ನಾಗಲಿ ಸೇರಿಸಿಲ್ಲ.

ಈಗ ಒಂದು ಚಿಕಿತ್ಸಾಲಯದಲ್ಲಿ ಸಿ.ಬಿ.ಸಿ.ಟಿ. ನಿಜವಾಗಿ ಬೇಕಾದವರು ತಿಂಗಳಿಗೆ 6 ಮಂದಿ ಎಂದಿಟ್ಟುಕೊಳ್ಳೋಣ. ವೈದ್ಯರೊಬ್ಬರೇ ಯಂತ್ರ ಕೊಂಡರೆ ಉಳಿದ 65 ಪರೀಕ್ಷೆಗಳು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಎರಡೇ ಉತ್ತರ. ಕಂತನ್ನು ಬೇರೆ ಆದಾಯದಿಂದ ಕಟ್ಟಬೇಕು. ಇಲ್ಲವೇ ಬೇಡವಾದವರಿಗೂ ಪರೀಕ್ಷೆ ಬರೆಯಬೇಕು. ಎರಡನೆಯದು ನಮ್ಮ ಊರಿನ ಮಗುವಿನ ಥೈರಾಯ್ಡ್ ಗ್ರಂಥಿಯ ಹತ್ತಿರ ಅನಗತ್ಯವಾಗಿ ವಿಕಿರಣ ಹಾಯಿಸುವ ಕೆಲಸ. ಓ.ಪಿ.ಜಿ. ಚಿತ್ರದ ವಿಕಿರಣ ಕೆಲವೇ ಮೈಕ್ರೋಸೀವರ್ಟ್‌ನಿಂದ ಕೆಲವು ಹತ್ತರಷ್ಟು. ಸಿ.ಬಿ.ಸಿ.ಟಿ.ಯದು ವ್ಯಾಪ್ತಿ, ಸ್ಪಷ್ಟತೆಗಳಿಗನುಗುಣವಾಗಿ ಹತ್ತಾರರಿಂದ ಹಲವು ನೂರರವರೆಗೆ ಹೋಗುತ್ತದೆ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಸಿಗುತ್ತದೆ. ಆದ್ದರಿಂದ ಅಗತ್ಯವಿದ್ದವರು ಹೆದರಬೇಕಾಗಿಲ್ಲ. ಆದರೆ ಸಾಲದ ಕಂತು ವೈದ್ಯಕೀಯ ಕಾರಣವಾಗಲಾರದು. ಹೂಡಿಕೆಯ ತಪ್ಪು ನಿರ್ಧಾರವೊಂದು ವೈದ್ಯರ ಆತ್ಮಸಾಕ್ಷಿಯ ಮೇಲೆ ಪ್ರತಿ ತಿಂಗಳೂ ಒತ್ತಡ ಹೇರುವಂತಾಗಬಾರದು.

ಹಂಚಿಕೊಂಡರೆ ಹಗುರ

ಇದೇ 6ರ ಲೆಕ್ಕವನ್ನು 12 ಚಿಕಿತ್ಸಾಲಯಗಳಿಗೆ ಅನ್ವಯಿಸಿದರೆ 72 ಪರೀಕ್ಷೆಗಳಾಗುತ್ತವೆ. ಕ್ಯಾಮೆರಾ ಸಹಿತ ಯಂತ್ರ ಯಾರನ್ನೂ ಅಡ್ಡದಾರಿಗೆ ಎಳೆಯದೆ ತನ್ನ ಖರ್ಚನ್ನು ತಾನೇ ದುಡಿಯುತ್ತದೆ. ಪಾವಗಡದ ತಿರುಮಣಿ ಭಾಗದ ಸೌರ ಪಾರ್ಕಿನಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟು 2,050 ಮೆಗಾವಾಟ್ ಸಾಮರ್ಥ್ಯದ ಯೋಜನೆ ಎದ್ದು ನಿಂತಿದೆ. ಒಬ್ಬೊಬ್ಬರಿಗೆ ಆಗದ್ದು ಒಟ್ಟಾಗಿ ಆಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಸ್ಥಳದ ಆಯ್ಕೆಯಲ್ಲಿ ಮಧುಗಿರಿ ಸಹಜವಾಗಿ ಮುಂದೆ ನಿಲ್ಲುತ್ತದೆ. ಪಾವಗಡದವರು ತುಮಕೂರಿಗೆ ಹೋಗುವ ದಾರಿಯಲ್ಲೇ ಇದೆ. ಕೊರಟಗೆರೆಯಿಂದ ತುಮಕೂರು 26 ಕಿಲೋಮೀಟರ್ ಆಸುಪಾಸಿನಲ್ಲಿದೆ. ಶಿರಾ ಪಟ್ಟಣಕ್ಕೆ ರಾಷ್ಟ್ರೀಯ ಹೆದ್ದಾರಿಯ ಅನುಕೂಲವಿದೆ. ಈ ಎರಡು ಊರುಗಳ ರೋಗಿಗಳಲ್ಲಿ ಒಂದು ಪಾಲು ತುಮಕೂರಿಗೇ ಹೋಗಬಹುದೆಂಬುದನ್ನು ಲೆಕ್ಕದಲ್ಲಿ ಬಿಡಬಾರದು. ತುಮಕೂರಿನಲ್ಲಿ ದಂತವೈದ್ಯಕೀಯ ಕಾಲೇಜು ಇರುವುದರಿಂದ ಚಿತ್ರಗಳನ್ನು ಗಣಕಜಾಲದ ಮೂಲಕ ಕಳುಹಿಸಿ ಅಲ್ಲಿನ ತಜ್ಞರಂಥವರಿಂದ ವರದಿ ಪಡೆಯುವ ಏರ್ಪಾಡೂ ಸಾಧ್ಯ.

ಸಂಸ್ಥೆಯ ಸ್ವರೂಪಕ್ಕೆ 2008ರ ಕಾಯಿದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಅನುಕೂಲಕರ. ಪಾಲುದಾರ ವೈದ್ಯರ ವೈಯಕ್ತಿಕ ಆಸ್ತಿಗೆ ರಕ್ಷಣೆ ಇರುತ್ತದೆ. ಆದರೆ ಬ್ಯಾಂಕು ವೈಯಕ್ತಿಕ ಜಾಮೀನು ಕೇಳಿದರೆ ಆ ರಕ್ಷಣೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಒಂದು ಷರತ್ತನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು: ಲಾಭ ಹಂಚಿಕೆ ಹೂಡಿದ ಬಂಡವಾಳಕ್ಕೆ ಅನುಗುಣವಾಗಿರಬೇಕೇ ಹೊರತು ಕಳುಹಿಸಿದ ರೋಗಿಗಳ ಸಂಖ್ಯೆಗಲ್ಲ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದು ವೃತ್ತಿಯ ನೀತಿಸಂಹಿತೆಗೆ ವಿರುದ್ಧ. ಹಿಂಬಾಗಿಲಿನಿಂದಲೂ ಅದು ಬರಕೂಡದು.

ತೆರಿಗೆಯ ನಾಲ್ಕು ಮಾತು

1. ರೋಗ ಪತ್ತೆ ಮತ್ತು ಚಿಕಿತ್ಸೆಯ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಆದುದರಿಂದಲೇ ಯಂತ್ರದ ಮೇಲೆ ಕಟ್ಟಿದ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಅದು ಯಂತ್ರದ ವೆಚ್ಚಕ್ಕೇ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಸಲಕರಣೆಗಳ ದರ ಶೇ. 5ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ. ಹಳೆಯ ದರಪಟ್ಟಿಯನ್ನು ಹಿಡಿದು ಬಂದವರಿಂದ ಹೊಸದನ್ನು ಕೇಳಿ ಪಡೆಯಿರಿ.

2. ಯಂತ್ರದ ಒಡೆಯರು ತಾವೇ ಪರೀಕ್ಷೆ ನಡೆಸಿ ವರದಿ ಕೊಟ್ಟರೆ ವಿನಾಯಿತಿ. ಯಂತ್ರವನ್ನು ಗಂಟೆಗಿಷ್ಟೆಂದು ಇತರ ವೈದ್ಯರಿಗೆ ಬಾಡಿಗೆಗೆ ಕೊಟ್ಟರೆ ಅದು ತೆರಿಗೆಗೆ ಒಳಪಡುವ ಸೇವೆ. ಕರಾರಿನ ಪದಗಳನ್ನು ಎಚ್ಚರಿಕೆಯಿಂದ ಆರಿಸಬೇಕು.

3. ಮುಖದ ಕ್ಯಾಮೆರಾ ಬಂದ ಮೇಲೆ 'ನಗುವಿನ ವಿನ್ಯಾಸ' ಎಂಬ ಹೊಸ ಸೇವೆಯ ಆಕರ್ಷಣೆ ಬರುತ್ತದೆ. ಕೇವಲ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ವಿನಾಯಿತಿ ಇಲ್ಲ; ಜನ್ಮದೋಷ, ಬೆಳವಣಿಗೆಯ ದೋಷ, ಗಾಯಗಳನ್ನು ಸರಿಪಡಿಸುವುದಕ್ಕೆ ಇದೆ. ಫ್ಲೋರೋಸಿಸ್ ಒಂದು ರೋಗ. ಅದರ ಚಿಕಿತ್ಸೆ ಮಾಡಿದರೆ ರೋಗನಿದಾನವನ್ನು ದಾಖಲೆಯಲ್ಲಿ ಬರೆದಿಡಿ. 20 ಲಕ್ಷ ರೂಪಾಯಿಯ ನೋಂದಣಿ ಮಿತಿಯನ್ನು ಎಣಿಸುವಾಗ ವಿನಾಯಿತಿ ಇರುವ ಆದಾಯವೂ ಸೇರುತ್ತದೆಂಬುದು ಅನೇಕರ ಗಮನದಲ್ಲಿಲ್ಲ.

4. ಆದಾಯ ತೆರಿಗೆಯಲ್ಲಿ ಯಂತ್ರಕ್ಕೆ ಇಳಿಕೆಯಾದ ಮೌಲ್ಯದ ಮೇಲೆ ಶೇ. 15 ಸವಕಳಿ ಇದೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅದರ ಅರ್ಧ. ಆದರೆ ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯವೆಂದು ಘೋಷಿಸುವ ಅಂದಾಜು ಪದ್ಧತಿಯಲ್ಲಿರುವ ವೈದ್ಯರಿಗೆ ಸವಕಳಿಯಾಗಲಿ ಸಾಲದ ಬಡ್ಡಿಯಾಗಲಿ ಪ್ರತ್ಯೇಕವಾಗಿ ಸಿಗುವುದಿಲ್ಲ. 'ಯಂತ್ರ ಕೊಂಡರೆ ತೆರಿಗೆ ಉಳಿಯುತ್ತದೆ' ಎಂಬ ಮಾರಾಟಗಾರರ ಮಾತು ಇಂಥವರಿಗೆ ಅನ್ವಯಿಸದು.

ಅನುಮತಿ, ಗೋಪ್ಯತೆ, ಇತರ ಎಚ್ಚರ

ಯಂತ್ರವನ್ನು ತರುವ ಮೊದಲೇ ಅಣುಶಕ್ತಿ ನಿಯಂತ್ರಣ ಮಂಡಳಿಯ 'ಇ-ಲೋರಾ' ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಮಂಡಳಿಯ ಮಾದರಿ ಅನುಮೋದನೆ ಇರುವ ಯಂತ್ರವೇ ಆಗಿರಬೇಕು. ಕೋಣೆಯ ಗೋಡೆ, ಬಾಗಿಲುಗಳ ರಕ್ಷಣೆ, ಸಿಬ್ಬಂದಿಯ ವಿಕಿರಣ ಮಾಪಕ ಬಿಲ್ಲೆ, ನಿಯತಕಾಲಿಕ ಗುಣಮಟ್ಟ ಪರೀಕ್ಷೆ ಇವೆಲ್ಲವೂ ಖರ್ಚಿನ ಬಾಬ್ತುಗಳೇ. ಇದರ ಜೊತೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಕೇಂದ್ರದ ನೋಂದಣಿಯಾಗಬೇಕು.

ಕ್ಯಾಮೆರಾ ಸೇರಿದಾಗ ಹುಟ್ಟುವ ಹೊಸ ಹೊಣೆ ಗೋಪ್ಯತೆಯದು. ದವಡೆಯ ಎಕ್ಸ್‌ರೇಯನ್ನು ನೋಡಿ ಸಾಮಾನ್ಯರು ಯಾರದೆಂದು ಗುರುತಿಸಲಾರರು. ಬಣ್ಣದ ಮುಖವನ್ನು ಇಡೀ ಊರೇ ಗುರುತಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಅನ್ವಯವಾಗುತ್ತವೆ. ರೋಗಿಯ ಒಪ್ಪಿಗೆಯನ್ನು ಕನ್ನಡದಲ್ಲಿ, ಪಾವಗಡದಲ್ಲಿ ಅಗತ್ಯವಿದ್ದರೆ ತೆಲುಗಿನಲ್ಲಿಯೂ, ಬರೆಸಿಕೊಳ್ಳಬೇಕು. ಚಿಕಿತ್ಸೆಗೆ ಮುಂಚಿನ, ಆನಂತರದ ಮುಖಗಳನ್ನು ಜಾಹೀರಾತಿಗೆ ಬಳಸುವ ಅಭ್ಯಾಸವನ್ನು ಬಿಡುವುದೇ ಲೇಸು. ಮೊಬೈಲಿನಲ್ಲಿ ಚಿತ್ರ ಹರಿದಾಡಲು ಬಿಡಕೂಡದು.

ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆಗಳು ಹೀಗಿವೆ. ಕ್ಯಾಮೆರಾ ಜೋಡಣೆಯನ್ನು ಮುಂದೆ ಸೇರಿಸಿಕೊಳ್ಳಬಹುದೇ, ಈಗಲೇ ಕೊಳ್ಳಬೇಕೇ? ಕ್ಯಾಮೆರಾವನ್ನು ಎಕ್ಸ್‌ರೇ ಇಲ್ಲದೆ ಪ್ರತ್ಯೇಕವಾಗಿ ಬಳಸಲಾಗುತ್ತದೆಯೇ? ಎರಡನ್ನೂ ಮತ್ತೆ ಹೊಂದಿಸುವ ಕೆಲಸ ನಿರ್ವಹಣಾ ಒಪ್ಪಂದದಲ್ಲಿ ಸೇರಿದೆಯೇ? ಎಕ್ಸ್‌ರೇ ನಳಿಕೆ ಹೋದರೆ ಬೆಲೆ ಎಷ್ಟು, ವಿದೇಶಿ ವಿನಿಮಯ ದರದ ಏರಿಕೆ ಯಾರ ತಲೆಯ ಮೇಲೆ? ಚಿತ್ರಗಳನ್ನು ಡೈಕಾಮ್ ರೂಪದಲ್ಲಿ ಬೇರೆ ತಂತ್ರಾಂಶಕ್ಕೆ ಒಯ್ಯಬಹುದೇ? ತಂತ್ರಾಂಶದ ಪರವಾನಗಿಗೆ ವರ್ಷ ವರ್ಷ ಹಣ ಕಟ್ಟಬೇಕೇ? ಯಂತ್ರ ನಿಂತರೆ ಎಂಜಿನಿಯರ್ ಎಷ್ಟು ಗಂಟೆಯೊಳಗೆ ಮಧುಗಿರಿಗೆ ಬರುತ್ತಾರೆ? ವಿದ್ಯುತ್ ಏರಿಳಿತಕ್ಕೆ ತಕ್ಕ ಯು.ಪಿ.ಎಸ್. ಬೆಲೆಯಲ್ಲಿ ಸೇರಿದೆಯೇ? ಉತ್ತರಗಳು ಬಾಯಿಮಾತಾಗಿರದೆ ಲಿಖಿತವಾಗಿರಲಿ.

ಸಲಹೆ

ಸಾರಾಂಶವಾಗಿ ಹೇಳುವುದಾದರೆ, ಪ್ರತಿ ಚಿಕಿತ್ಸಾಲಯಕ್ಕೆ ಒಂದು ಒಳ್ಳೆಯ ಬಾಯಿಯೊಳಗಿನ ಕ್ಯಾಮೆರಾ ಇರಲಿ. ಫ್ಲೋರೋಸಿಸ್ ಇರುವ ನಮ್ಮ ಸೀಮೆಗೆ ಅದು ಮೊದಲ ಅಗತ್ಯ, ಮತ್ತು ಸಾಲವಿಲ್ಲದೆ ಕೊಳ್ಳಬಹುದಾದುದು. ತಿರುಗುವ ಎಕ್ಸ್‌ರೇ ಮತ್ತು ಮುಖದ ಕ್ಯಾಮೆರಾಗಳ ಜೋಡಿ ಯಂತ್ರ ನಾಲ್ಕು ತಾಲ್ಲೂಕಿಗೆ ಒಂದು ಸಾಕು, ಅದು ಎಲ್ಲರದಾಗಿರಲಿ. ಖರೀದಿಗೆ ಮುನ್ನ ಮೂರು ತಿಂಗಳ ಕಾಲ ಪ್ರತಿಯೊಬ್ಬ ವೈದ್ಯರೂ ಸಿ.ಬಿ.ಸಿ.ಟಿ.ಗಾಗಿ ಹೊರಗೆ ಕಳುಹಿಸಿದ ರೋಗಿಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಸಂಖ್ಯೆಗಳ ಮೊತ್ತದ ತಿಂಗಳ ಸರಾಸರಿ 70ರ ಹತ್ತಿರ ಬಂದರೆ ಬ್ಯಾಂಕಿನ ಕಡೆ ಹೆಜ್ಜೆ ಹಾಕಬಹುದು. 40ರಲ್ಲೇ ನಿಂತರೆ ಕ್ಯಾಮೆರಾ ಇಲ್ಲದ ಯಂತ್ರಕ್ಕೂ ಕಾಲ ಬಂದಿಲ್ಲವೆಂದು ತಿಳಿದು, ತುಮಕೂರಿನ ಕೇಂದ್ರವೊಂದರೊಡನೆ ನಿಗದಿತ ದಿನ, ನಿಗದಿತ ದರದ ಒಪ್ಪಂದ ಮಾಡಿಕೊಂಡರೆ ರೋಗಿಯ ಅಲೆದಾಟವಾದರೂ ತಗ್ಗುತ್ತದೆ.

ಈ ಲೆಕ್ಕದ ಪುಸ್ತಕ ತೆರೆಯಲು ಬೇಕಾದುದು ಒಂದು ನೋಟುಪುಸ್ತಕ ಮತ್ತು ಒಂದು ಪೆನ್ನು ಮಾತ್ರ. ನಾಲ್ಕು ತಾಲ್ಲೂಕುಗಳ ದಂತವೈದ್ಯರು ಒಮ್ಮೆ ಕಲೆತು ಮಾತನಾಡಲು ನಮ್ಮ ವಾಣಿಜ್ಯ ಸಂಸ್ಥೆ ವೇದಿಕೆ ಒದಗಿಸಿದರೆ ಅದು ಸದಸ್ಯರಿಗೂ ನಾಡಿಗೂ ಉಪಯುಕ್ತವಾದ ಸೇವೆಯಾದೀತು.